ಮುಳಶಿಯ ಕಾತ್ಕರಿ ವಾಡಿಗೆ ಅರಣ್ಯ ಹಕ್ಕು: ವಕೀಲರಿಗಿಂತ ಮೊದಲು ಗ್ರಾಮಸಭೆ

ಪುಣೆಯಲ್ಲಿ ಕೆಲಸ, ವಾರದ ಕೊನೆಗೆ ಮುಳಶಿ ತಾಲ್ಲೂಕಿನ ಕಾತ್ಕರಿ ಬುಡಕಟ್ಟಿನವರ ವಾಡಿಯೊಂದರ, ಅಂದರೆ ಹಾಡಿಯ, ಮಕ್ಕಳಿಗೆ ಪಾಠ ಹೇಳುತ್ತೀರಿ, ಅಲ್ಲಿಯವರು ಉಳುವ ನೆಲವನ್ನು ಫಾರೆಸ್ಟಿನವರು ಒತ್ತುವರಿ ಎನ್ನುತ್ತಿದ್ದಾರೆ, ಒಳ್ಳೆಯ ವಕೀಲರು ಯಾರಿದ್ದಾರೆ ಎಂದು ಕೇಳಿದ್ದೀರಿ. ವಕೀಲರ ಕೆಲಸ ಆಮೇಲಿನದು. ಈ ಹಕ್ಕು ಗಟ್ಟಿಯಾಗುವುದೂ ಕೈತಪ್ಪುವುದೂ ವಾಡಿಯ ಗ್ರಾಮಸಭೆಯ ಕಾಗದದಲ್ಲೇ.

ಮೊದಲು ನೆಲ ಯಾರ ಹೆಸರಲ್ಲಿದೆ ನೋಡಿ. ಗಟ್ ನಂಬರ್ (ಅಲ್ಲಿಯ ಸರ್ವೆ ನಂಬರ್) ಕೇಳಿಕೊಂಡು ಮಹಾರಾಷ್ಟ್ರದ ಭೂದಾಖಲೆ ಜಾಲತಾಣ ಮಹಾಭೂಲೇಖ್‌ನಲ್ಲಿ ಸಾತ್‌ಬಾರಾ ತೆಗೆಯಿರಿ. ನಮ್ಮ ಕಡೆಯ ಪಹಣಿ ಇದ್ದ ಹಾಗೆ. ಅದರಲ್ಲಿ ಅರಣ್ಯ ಎಂದಿದ್ದರೆ 2006ರ ಅರಣ್ಯ ಹಕ್ಕು ಕಾಯ್ದೆ ನಡೆಯುತ್ತದೆ. ಯಾರೋ ಜಮೀನ್ದಾರನ ಹೆಸರಿದ್ದರೆ ದಾರಿಯೇ ಬೇರೆ, ಅರಣ್ಯ ಹಕ್ಕಿನ ಅರ್ಜಿ ನಮೂನೆ ತುಂಬಿ ದಿನ ಕಳೆಯಬೇಡಿ. ಕಾತ್ಕರಿಗಳ ಎಷ್ಟೋ ವಾಡಿಗಳು ಖಾಸಗಿ ಜಾಗದಲ್ಲೇ ಇವೆ.

ಅರ್ಜಿಯ ಧಾಟಿಯೂ ಮುಖ್ಯ. ಕಾತ್ಕರಿ ಎಂಬ ಹೆಸರು ಬಂದದ್ದೇ ಕಾಚಿನಿಂದ. ಖೈರ್ ಮರದ ತಿರುಳು ಬೇಯಿಸಿ ಕಾಚು ತೆಗೆಯುವುದು ಅವರ ಕುಲಕಸುಬು. 1878ರ ಬ್ರಿಟಿಷ್ ಕಾಯ್ದೆಯಡಿ ಕಾಡುಗಳು ಮೀಸಲಾಗುತ್ತ ಹೋದಂತೆ ಆ ಕಸುಬು ಕಳ್ಳತನದ ಲೆಕ್ಕಕ್ಕೆ ಬಿತ್ತು. ಬ್ರಿಟಿಷರು ಹೋದರು, ಅವರ 1927ರ ಅರಣ್ಯ ಕಾಯ್ದೆ ಉಳಿಯಿತು. ಇದು ಐತಿಹಾಸಿಕ ಅನ್ಯಾಯ ಎಂದು 2006ರ ಕಾಯ್ದೆಯ ಪೀಠಿಕೆಯೇ ಒಪ್ಪಿಕೊಂಡಿದೆ. ಹಾಗಾಗಿ 'ಜಾಗ ಮಂಜೂರು ಮಾಡಿ' ಎಂದು ಬರೆಸಬೇಡಿ; 'ಇರುವ ಹಕ್ಕನ್ನು ಮಾನ್ಯ ಮಾಡಿ' ಎಂದು ಬರೆಸಿ.

ಇನ್ನು ಅರ್ಹತೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಆ ನೆಲದಲ್ಲಿದ್ದರೆ ಸಾಕು. ಉಳಿದವರು ಅದಕ್ಕೂ ಹಿಂದಿನ 75 ವರ್ಷ, ಅಂದರೆ 1930ರಿಂದಲೂ ಕಾಡನ್ನೇ ನಂಬಿ ಬದುಕಿದ್ದನ್ನು ತೋರಿಸಬೇಕು. ಜಾತಿ ಪ್ರಮಾಣಪತ್ರ ಇಲ್ಲದ ಕಾತ್ಕರಿಯನ್ನು ಈ ಎರಡನೇ ಸಾಲಿಗೆ ತಳ್ಳಿ ಅರ್ಜಿ ಬೀಳಿಸುವುದುಂಟು. ಆದ್ದರಿಂದ ನಮೂನೆಗಿಂತ ಮೊದಲು ಪ್ರಮಾಣಪತ್ರ. ಮಹಾರಾಷ್ಟ್ರದಲ್ಲಿ ಅದಕ್ಕೆ 1950ರ ಸೆಪ್ಟೆಂಬರ್ 6ಕ್ಕಿಂತ ಹಳೆಯ ದಾಖಲೆ ಕೇಳುತ್ತಾರೆ. ಅಜ್ಜನ ಶಾಲೆಯ ದಾಖಲೆಯೋ ಜನನ-ಮರಣ ನೋಂದಣಿಯೋ ಸಿಗುತ್ತದಾ ಹುಡುಕಿ.

ಗ್ರಾಮಸಭೆ ಯಾವಾಗ ಎನ್ನುವುದೇ ಅರ್ಧ ಕೆಲಸ. ದೀಪಾವಳಿ ಮುಗಿಯುತ್ತಿದ್ದಂತೆ ಕಾತ್ಕರಿಗಳು ಇಟ್ಟಿಗೆ ಭಟ್ಟಿಗೆ ಹೊರಟರೆ ವಾಪಸ್ ಬರುವುದು ಮಳೆಗಾಲದ ಹೊಸ್ತಿಲಲ್ಲಿ. ಕೋರಂಗೆ ಸಭೆಯ ಅರ್ಧದಷ್ಟು ಸದಸ್ಯರು ಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರು, ಅರ್ಜಿಗಳ ಮೇಲೆ ಠರಾವು ಮಾಡುವಾಗ ಅರ್ಜಿದಾರರಲ್ಲಿ ಅರ್ಧ ಮಂದಿ. ಜನವರಿಯಲ್ಲಿ ಕರೆದ ಸಭೆಗೆ ಬರುವವರು ಮುದುಕರು ಮಾತ್ರ. ಶ್ರಾವಣದಿಂದ ದಸರಾ ಒಳಗೆ ಮುಗಿಸಿ. ಅದೇ ಹೊತ್ತಿಗೆ, ಗ್ರಾಮಸಭೆಯ ಪರವಾಗಿ ಅರ್ಜಿ ಪರಿಶೀಲಿಸುವ ವನಹಕ್ಕು ಸಮಿತಿಯ ಪಟ್ಟಿಯನ್ನೂ ಕೇಳಿ: 10ರಿಂದ 15 ಜನ, ಮೂರರಲ್ಲಿ ಎರಡು ಪಾಲು ಪರಿಶಿಷ್ಟ ಪಂಗಡ, ಮೂರನೇ ಒಂದು ಪಾಲು ಹೆಂಗಸರು. ಹಳೆಯ ಸಮಿತಿಯಲ್ಲಿ ಊರ ಗೌಡಿಕೆಯವರದೇ ಹೆಸರಿದ್ದರೆ ಹೊಸದಾಗಿ ಆರಿಸುವುದೇ ಒಳ್ಳೆಯದು.

ಸಾಕ್ಷ್ಯದ ವಿಚಾರದಲ್ಲಿ ಜನ ಹೆದರುವುದು ಜಾಸ್ತಿ. ಫಾರೆಸ್ಟಿನವರ ದಂಡದ ರಸೀದಿ ಇಲ್ಲ, ಇನ್ನೇನು ಮಾಡುವುದು ಎನ್ನುತ್ತಾರೆ. ಅರಣ್ಯ ಹಕ್ಕು ನಿಯಮಗಳ 13ನೇ ನಿಯಮದ ಪಟ್ಟಿಯಿಂದ ಎರಡು ಸಾಕ್ಷ್ಯ ಇದ್ದರೆ ಸಾಕು. ಅರ್ಜಿದಾರನಲ್ಲದ ಹಿರಿಯರ ಹೇಳಿಕೆ ಬರೆದು ಹೆಬ್ಬೆಟ್ಟು ಹಾಕಿಸಿದ್ದು ಒಂದಾಯಿತು. ಬಾವಿ, ಬದು, ಮನೆಯ ಅಡಿಪಾಯ, ಸಮಾಧಿ ಇವು ಇನ್ನೊಂದು. ಇಂಥದೇ ಕಾಗದ ತನ್ನಿ ಎಂದು, ಗ್ರಾಮಸಭೆಯ ಠರಾವನ್ನು ಮುಂದೆ ಪರಿಶೀಲಿಸುವ ಉಪವಿಭಾಗ ಸಮಿತಿ ಪಟ್ಟು ಹಿಡಿಯುವಂತಿಲ್ಲ, ಉಪಗ್ರಹ ಚಿತ್ರವನ್ನು ಉಳಿದ ಸಾಕ್ಷ್ಯದ ಬದಲಿಗೆ ಇಡುವಂತೆಯೂ ಇಲ್ಲ. 12ಎ ನಿಯಮದಲ್ಲಿ ಇದು ಸ್ಪಷ್ಟವಾಗಿದೆ.

ಸ್ಥಳ ಪರಿಶೀಲನೆಗೆ ಮುಂಚೆ ಅರಣ್ಯ, ಕಂದಾಯ ಎರಡೂ ಇಲಾಖೆಗೆ ಬರಹದಲ್ಲಿ ತಿಳಿಸಿ, ಪ್ರತಿಯ ಮೇಲೆ ಕಚೇರಿಯ ಸಿಕ್ಕಾ (ಮೊಹರು), ತಾರೀಖು ಹಾಕಿಸಿಕೊಳ್ಳಿ. ಅವರು ಬಾರದೆ, ಆಮೇಲೆ 'ನಾವಿರಲಿಲ್ಲ' ಎಂದು ತಕರಾರು ತೆಗೆದಾಗ ಕಾಯುವುದು ಆ ಸಿಕ್ಕಾ ಒಂದೇ. ಸಿಕ್ಕಾ ಇಲ್ಲದಿದ್ದರೆ ಕಡತ ಗ್ರಾಮಸಭೆಗೆ ವಾಪಸ್, ಇನ್ನೊಂದು ಮಳೆಗಾಲ ಹೋಯಿತು.

ನೀವು ನಿಜಕ್ಕೂ ಕೈಹಾಕಬಹುದಾದ ಕೆಲಸ ಅಳತೆ. ಮರದಡಿ ಮೊಬೈಲ್ ಜಿಪಿಎಸ್ ನಾಲ್ಕೈದು ಮೀಟರ್ ತಪ್ಪುವುದು ದೊಡ್ಡದಲ್ಲ. ಆದರೆ 10 ಗುಂಟೆ ತುಂಡೆಂದರೆ ಹೆಚ್ಚುಕಮ್ಮಿ 32 ಮೀಟರ್ ಚೌಕ. ನಾಲ್ಕೂ ಬದಿ 5 ಮೀಟರ್ ಒಳಗೆ ಬಿದ್ದರೆ ಉಳಿಯುವುದು 22 ಮೀಟರ್ ಚೌಕ, ಅರ್ಧಕ್ಕೂ ಕಡಿಮೆ! ಪ್ರತಿ ತಿರುವಿನಲ್ಲೂ ನಿಂತು ಮೂರು ಸಲ ಅಂಕಿ ತೆಗೆದುಕೊಳ್ಳಿ, ಟೇಪಿನಿಂದ ತಾಳೆ ನೋಡಿ, ಅಕ್ಕಪಕ್ಕದ ಹಿಡುವಳಿಯವರನ್ನು ಜೊತೆಗಿಟ್ಟುಕೊಂಡು ಪಂಚನಾಮೆಗೆ ಸಹಿ ಹಾಕಿಸಿ. ಸಿಗುವುದು ನಿಜವಾಗಿ ಅನುಭವದಲ್ಲಿರುವಷ್ಟೇ ನೆಲ, ಗರಿಷ್ಠ 4 ಹೆಕ್ಟೇರ್. ಉಬ್ಬಿಸಿ ಬರೆದರೆ ಇಡೀ ಅರ್ಜಿಯ ಮೇಲೆ ಅನುಮಾನ. ಗಂಡ-ಹೆಂಡತಿ ಇಬ್ಬರ ಹೆಸರೂ ಇರಲಿ, ಕಾಯ್ದೆಯೇ ಹಾಗೆ ಹೇಳುತ್ತದೆ.

ಒಬ್ಬೊಬ್ಬರ ನಮೂನೆ ಎ ಮಾತ್ರ ತುಂಬಿ ಸುಮ್ಮನಾಗಬೇಡಿ. ಸೌದೆ, ಜೇನು, ಮೀನು, ದಾರಿಗೆ ಸಮುದಾಯದ ನಮೂನೆ ಬಿ, ಕಾಡನ್ನು ಕಾಯುವ ಹಕ್ಕಿಗೆ ನಮೂನೆ ಸಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಬಲ ಬಂದದ್ದು ಸಮುದಾಯ ಹಕ್ಕಿನಿಂದ. ಗುಂಟೆ ಲೆಕ್ಕದ ನೆಲ ಇರುವ ವಾಡಿಗೆ ಪಟ್ಟಾಕ್ಕಿಂತ ಇದೇ ದೊಡ್ಡದು ಎನ್ನುವುದು ನನ್ನ ಅಭಿಪ್ರಾಯ.

ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ, ಅರ್ಜಿದಾರನ ಕೈಗೇ ಕೊಡಬೇಕು. ಮೇಲ್ಮನವಿಗೆ 60 ದಿನ. ಪಂಚಾಯ್ತಿ ಬಾಗಿಲಿಗೆ ಪಟ್ಟಿ ಅಂಟಿಸಿದರೆ ಆಗಲಿಲ್ಲ. ವಕೀಲರು ಬೇಕಾಗುವುದು ಈ ಘಟ್ಟದಲ್ಲಿ.

ಪ್ರಕ್ರಿಯೆ ಮುಗಿಯುವ ಮುನ್ನ ಒಕ್ಕಲೆಬ್ಬಿಸಲು ಬಂದರೆ ಅರಣ್ಯ ಹಕ್ಕು ಕಾಯ್ದೆಯ 4(5)ನೇ ಕಲಂ ತೋರಿಸಿ, ಅಲ್ಲಿಯವರೆಗೆ ಎಬ್ಬಿಸುವಂತಿಲ್ಲ ಎನ್ನುತ್ತದೆ ಅದು. ಕೇಳದಿದ್ದರೆ ಪರಿಶಿಷ್ಟ ಜಾತಿ-ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 3(1)(ಜಿ) ಇದೆ, ಅರಣ್ಯ ಹಕ್ಕಿಗೆ ಅಡ್ಡಿ ಮಾಡುವುದೂ ಅದರಲ್ಲಿ ಅಪರಾಧ. ಅರಣ್ಯ ಹಕ್ಕು ಕಾಯ್ದೆಯಲ್ಲಿ ತಪ್ಪು ಮಾಡಿದ ಅಧಿಕಾರಿಗೆ ಇರುವ ದಂಡ 1,000 ರೂಪಾಯಿವರೆಗೆ ಮಾತ್ರ. ಅದಕ್ಕೆ ಯಾರೂ ಹೆದರುವುದಿಲ್ಲ.

ಹಕ್ಕುಪತ್ರ ಕೈಗೆ ಬಂದ ಮೇಲೂ ಮೂರು ತಿಂಗಳೊಳಗೆ ನಕ್ಷೆ ತಯಾರಾಗಿ ಕಂದಾಯ, ಅರಣ್ಯ ದಾಖಲೆಯಲ್ಲಿ ಏರಬೇಕು. ತಲಾಠಿ (ನಮ್ಮ ಕಡೆಯ ಗ್ರಾಮ ಲೆಕ್ಕಿಗ) ಹತ್ತಿರ ಹೋಗಿ ಹೊಸ ಸಾತ್‌ಬಾರಾದಲ್ಲಿ ಹೆಸರು ಬಂದಿದೆಯಾ ನೋಡಿಕೊಂಡು ಬನ್ನಿ.