ಕೇಳಿದ್ದೀರಿ, ಹೇಳುತ್ತೇವೆ: ಪ್ರೀಕ್ವೆಲ್ ಕಟ್ಟುವ ಕೆಲಸ

ಪ್ರಶ್ನೆ: ‘ಹಂಗರ್ ಗೇಮ್ಸ್’ ಚಿತ್ರಸರಣಿಯ ಪ್ರೀಕ್ವೆಲ್ (ಹಿಂದೆ ನಡೆದ ಕಥೆ ಹೇಳುವ ಚಿತ್ರ) ನೋಡಿದೆವು. ಗುಮ್ಮಟದ ಕೆಳಗಿನ ಆ ಪಾಳು ಅಖಾಡ ನಿಜವಾದ ಕಟ್ಟಡ ಅಂತ ಮಗ, ಕಂಪ್ಯೂಟರಿನದು ಅಂತ ನಾನು. ಯಾರು ಸರಿ?
— ಓದುಗರು, ಡೊಂಬಿವಲಿ

ಉತ್ತರ: ಮಗನಿಗೆ ಮುಕ್ಕಾಲು ಅಂಕ ಕೊಡಿ. ಅದು ಪೋಲೆಂಡಿನ ವ್ರೊಟ್ಸ್ವಾಫ್ ಊರಿನ ಸೆಂಟೆನಿಯಲ್ ಹಾಲ್. ಮಾಕ್ಸ್ ಬರ್ಗ್ ಎಂಬ ವಾಸ್ತುಶಿಲ್ಪಿ 1911ರಿಂದ 1913ರ ನಡುವೆ ಕಬ್ಬಿಣ-ಕಾಂಕ್ರೀಟಿನಲ್ಲಿ ಕಟ್ಟಿಸಿದ್ದು. ಗುಮ್ಮಟದ ಅಗಲ 65 ಮೀಟರ್. ನಮ್ಮ ವಿಜಾಪುರದ ಗೋಲಗುಮ್ಮಟದ ಒಳ ಅಗಲ ಸುಮಾರು 38 ಮೀಟರ್, ಅಂದಾಜು ಮಾಡಿಕೊಳ್ಳಿ. 2006ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಕಟ್ಟಡಕ್ಕೆ ಯಾರೂ ಬಾಂಬ್ ಇಡಲು ಬಿಡುವುದಿಲ್ಲವಲ್ಲ! ಸೂರು ಒಡೆದದ್ದು, ಬಣ್ಣಬಣ್ಣದ ಹಾವುಗಳು, ಇವು ಕಂಪ್ಯೂಟರಿನವು. ಅಷ್ಟರ ಮಟ್ಟಿಗೆ ನೀವೂ ಸರಿ.

ಇಂಥ ಕಟ್ಟಡವೇ ಯಾಕೆ ಬೇಕಾಯಿತು ಅನ್ನುವುದು ಇನ್ನೂ ಒಳ್ಳೆಯ ಪ್ರಶ್ನೆ. ಈ ಕಥೆಯಲ್ಲಿ ಹುಡುಗ-ಹುಡುಗಿಯರನ್ನು ಅಖಾಡಕ್ಕಿಳಿಸಿ ಸಾಯುವವರೆಗೆ ಕಾದಾಡಿಸುವ ಆಟ ವರ್ಷಕ್ಕೊಮ್ಮೆ ನಡೆಯುತ್ತದೆ. 2012ರ ಮೊದಲ ಚಿತ್ರದಲ್ಲಿ ನಡೆದದ್ದು 74ನೇ ಆಟ, ಇದರಲ್ಲಿ 10ನೆಯದು. 64 ವರ್ಷ ಹಿಂದೆ ಹೋಗಬೇಕು. ಮೊದಲ ಚಿತ್ರದಲ್ಲಿ ಇಡೀ ಕಾಡನ್ನೇ ಗುಂಡಿ ಒತ್ತಿ ಆಡಿಸುತ್ತಿದ್ದರು. ಪ್ರೀಕ್ವೆಲಿನಲ್ಲಿ ಜಿಲ್ಲೆಗಳು ದಂಗೆಯೆದ್ದ ಯುದ್ಧ ಮುಗಿದು ಹತ್ತೇ ವರ್ಷ, ಕೈಯಲ್ಲಿರುವುದು ಹಳೆಯ ಕ್ರೀಡಾಂಗಣ, ನೀರು ತರುವ ಡ್ರೋನ್ ಕೂಡ ಎದುರಿಗಿದ್ದವರಿಗೇ ಬಂದು ಬಡಿಯುತ್ತದೆ. ಪ್ರೀಕ್ವೆಲ್ ವಿನ್ಯಾಸಕಾರನ ಕೆಲಸ ಕೂಡಿಸುವುದಲ್ಲ, ಕಳೆಯುವುದು. ಕಳೆಯುವಾಗಲೂ ಮುಂದೆ ಏನಾಗಲಿದೆಯೋ ಅದರ ಬೀಜ ಉಳಿಯಬೇಕು. ವಿನ್ಯಾಸಕ ಊಲಿ ಹಾನಿಷ್ ಅದಕ್ಕೇ ನಿಜವಾದ ಯುರೋಪಿನ ಕಟ್ಟಡಗಳನ್ನು ಆಧಾರವಾಗಿಟ್ಟುಕೊಂಡರು. ಕಥೆಯ ಬಡ ಗಣಿ ಪ್ರದೇಶವಾದ 12ನೇ ಜಿಲ್ಲೆಗೆ ಜರ್ಮನಿಯ ಡ್ಯೂಸ್‌ಬರ್ಗಿನ ಮುಚ್ಚಿದ ಉಕ್ಕಿನ ಕಾರ್ಖಾನೆ ಸಿಕ್ಕಿತು. ಆ ತುಕ್ಕನ್ನು ಬಣ್ಣ ಬಳಿದು ತರಲಾಗದು.

ಪ್ರಶ್ನೆ: ಅದೇ ಪ್ರೀಕ್ವೆಲಿನ ನಾಯಕಿ ರೇಚೆಲ್ ಜೆಗ್ಲರ್ ಸೆಟ್ಟಿನಲ್ಲೇ ಹಾಡಿದರಂತೆ, ಹೌದೇ? ನಮ್ಮ ಕಿರುಚಿತ್ರದಲ್ಲೂ ಹಾಗೆ ಮಾಡಬಹುದೆ?
— ಓದುಗರು, ಕೋಥರೂಡ್, ಪುಣೆ

ಉತ್ತರ: ಹೌದು, ನೇರವಾಗಿಯೇ ಹಾಡಿದ್ದಾರೆ. ನೀವೂ ಮಾಡಬಹುದು, ಆದರೆ ಜಾಗ ನೋಡಿ ಮಾಡಿ. 65 ಮೀಟರ್ ಅಗಲದ ಗುಮ್ಮಟದ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರೆ, ಗೋಡೆಗೆ ಹೋಗಿ ಮರಳುವ ಸದ್ದಿಗೆ ಸುಮಾರು 0.2 ಸೆಕೆಂಡ್ ಬೇಕು. ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ತಲೆಯ ಮೇಲೆ ಕೂರುತ್ತದೆ. ಆದ್ದರಿಂದ ಮೈಕು ಬಾಯಿಗೆ ಹತ್ತಿರ ಇರಬೇಕು: ಒಂದು ಬಟ್ಟೆಯೊಳಗೆ ಎದೆಮೂಳೆಯ ಮೇಲೆ, ಇನ್ನೊಂದು ಬೂಮ್ (ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕು), ಫ್ರೇಮಿನ ಅಂಚಿಗೆ ತಾಗುವಷ್ಟು ಕೆಳಗೆ.

ಶ್ರುತಿ ಮತ್ತು ತಾಳ ಹಾಡುವವರ ಕಿವಿಯೊಳಗಿನ ಪುಟ್ಟ ಇಯರ್‌ಪೀಸಿನಲ್ಲಿ ಮಾತ್ರ ಕೇಳಿಸಬೇಕು, ಹೊರಗೆ ಪೂರ್ತಿ ಮೌನ. ಇಲ್ಲೇ ಹೆಚ್ಚಿನವರು ಎಡವುವುದು. ತಾಳವಿಲ್ಲದೆ ಹಾಡಿಸಿದರೆ ಮೂರನೇ ಟೇಕ್ ಮೊದಲನೆಯದಕ್ಕಿಂತ ನಿಧಾನವಾಗಿರುತ್ತದೆ, ಎಡಿಟಿಂಗಿನಲ್ಲಿ ಎರಡನ್ನೂ ಜೋಡಿಸಲಾಗದು. ಕೈಯಲ್ಲಿ ಗಿಟಾರ್ ಇದ್ದರೆ ಬ್ರಿಜ್ (ತಂತಿಗಳು ಕೂರುವ ಪಟ್ಟಿ) ಪಕ್ಕ ತಂತಿಗಳ ಕೆಳಗೆ ಸ್ಪಂಜಿನ ಪಟ್ಟಿ ತುರುಕಿ ಸದ್ದಡಗಿಸಿ, ವಾದ್ಯವನ್ನು ಆಮೇಲೆ ಬೇರೆಯಾಗಿ ರೆಕಾರ್ಡ್ ಮಾಡಿ. ರೆಕಾರ್ಡರಿನ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್ ಇರಲಿ. ಏರುದನಿ ಅದರ ಮೀಟರಿನಲ್ಲಿ −12 ಡೆಸಿಬಲ್ ಆಸುಪಾಸಿನಲ್ಲಿ ನಿಲ್ಲಲಿ. ಕೊನೆಗೆ ಎಲ್ಲರೂ ಅಲುಗಾಡದೆ ನಿಂತು 30 ಸೆಕೆಂಡ್ ಖಾಲಿ ಜಾಗದ ಸದ್ದು ಹಿಡಿದಿಟ್ಟುಕೊಳ್ಳಿ, ಎಡಿಟಿಂಗಿನಲ್ಲಿ ಸಂದು ತುಂಬಲು ಬೇಕಾಗುತ್ತದೆ. ಫ್ಯಾನ್ ಆರಿಸಲು ನೆನಪಾಗುತ್ತದೆ, ಫ್ರಿಜ್ ಮರೆತುಹೋಗುತ್ತದೆ. ಪಕ್ಕದ ಮನೆಯ ಕುಕ್ಕರ್ ಸೀಟಿ ನಿಮ್ಮ ಕೈಲಿಲ್ಲ, ರಾತ್ರಿ ಎರಡರ ಮೇಲೆ ಶೂಟ್ ಮಾಡಿ.

ಪ್ರಶ್ನೆ: ಮಕ್ಕಳಿಗೆ ಮೊದಲು ಪ್ರೀಕ್ವೆಲ್ ತೋರಿಸಲೋ, ಹಳೆಯವನ್ನೋ?
— ಓದುಗರು, ವಾಸ್ಕೊ, ಗೋವಾ

ಉತ್ತರ: ಬಿಡುಗಡೆಯಾದ ಕ್ರಮದಲ್ಲೇ. 2012ರಿಂದ 2015ರ ನಾಲ್ಕು ಮೊದಲು, 2023ರದು ಆಮೇಲೆ. ಹಳೆಯ ಚಿತ್ರಗಳ ಅಧ್ಯಕ್ಷ, ಮುದುಕ ಸ್ನೋನ ಕ್ರೌರ್ಯ ಕಂಡವರಿಗೇ ಪ್ರೀಕ್ವೆಲಿನಲ್ಲಿ 18ರ ಹುಡುಗನಾಗಿರುವ ಅವನನ್ನೇ ನೋಡಿ ಮೈ ಜುಮ್ಮೆನ್ನುವುದು.

ಪ್ರಶ್ನೆ: ನಮ್ಮ ಸಂಘದ ಕಿರುಚಿತ್ರಕ್ಕೂ ‘ಹಿಂದಿನ ಕಥೆ’ ಮಾಡುತ್ತಿದ್ದೇವೆ. ಗಿರಣಿ ಕಾರ್ಮಿಕರ ಅಂಗಿಗಳು ಎಷ್ಟು ಮಾಡಿದರೂ ಅಂಗಡಿಯಿಂದ ಈಗಷ್ಟೇ ತಂದಂತೆ ಕಾಣುತ್ತವೆ.
— ಓದುಗರು, ಘಾಟ್‌ಕೋಪರ್

ಉತ್ತರ: ಮೊದಲು ಬಟ್ಟೆ ನೂರಕ್ಕೆ ನೂರು ಹತ್ತಿಯೇ ನೋಡಿ; ಪಾಲಿಯೆಸ್ಟರಿಗೆ ಚಹಾದ ಬಣ್ಣ ಹಿಡಿಯದು. ಬಿಸಿನೀರಲ್ಲಿ ಎರಡು ಸಲ ಒಗೆದು ಗಂಜಿ ತೆಗೆಯಿರಿ. 5 ಲೀಟರ್ ನೀರಿಗೆ 100 ಗ್ರಾಂ ಚಾಹುಡಿ ಹಾಕಿ 15 ನಿಮಿಷ ಕುದಿಸಿ ಸೋಸಿ. ಸೋಸದಿದ್ದರೆ ಚರಟ ಅಂಟಿದ ಕಡೆ ಕರಿ ಚುಕ್ಕೆ ಬೀಳುತ್ತದೆ. ಒದ್ದೆ ಅಂಗಿಯನ್ನು ಅದರಲ್ಲಿ 30 ನಿಮಿಷ ಕೈಯಾಡಿಸುತ್ತಾ ನೆನೆಸಿ. ಒದ್ದೆಯಿದ್ದಾಗ ಬಣ್ಣ ಗಾಢವಾಗಿ ಕಾಣುತ್ತದೆ, ನಂಬಬೇಡಿ, ಒಂದು ಚಿಂದಿ ಒಣಗಿಸಿ ನೋಡಿ. ಗಿರಣಿಯ ಕಪ್ಪು ಬೇಕಿದ್ದರೆ ತುಕ್ಕು ಹಿಡಿದ ಮೊಳೆಗಳನ್ನು ವಿನೆಗರಿನಲ್ಲಿ ಎರಡು ದಿನ ನೆನೆಸಿದ ನೀರನ್ನು ಅಲ್ಲಲ್ಲಿ ಸವರಿ. ಕಬ್ಬಿಣ ಚಹಾದ ಒಗರನ್ನು ಬೂದುಗಪ್ಪಾಗಿಸುತ್ತದೆ.

ಆದರೆ ಬಣ್ಣಕ್ಕಿಂತ ಆಕಾರ ಮುಖ್ಯ. ಒದ್ದೆ ಅಂಗಿಯ ಜೇಬಿಗೆ ಮುಷ್ಟಿಗಾತ್ರದ ಕಲ್ಲು ಹಾಕಿ ತೂಗುಹಾಕಿ. ಒಣಗುವಾಗ ಬಾಯಿ ಜೋತು, ವರ್ಷಗಟ್ಟಲೆ ಬೀಡಿಕಟ್ಟು ಇಟ್ಟ ಜೇಬಿನಂತಾಗುತ್ತದೆ. ಮೊಣಕೈಯೊಳಗೆ ತೆಂಗಿನ ಕರಟ ಇಟ್ಟು 120 ನಂಬರ್ ಮರಳುಕಾಗದದಿಂದ ತಿಕ್ಕಿ. ಮೊಣಕೈ, ಕಾಲರ್ ಮಡಿಕೆ, ತೋಳಿನ ತುದಿ ಬಿಟ್ಟು ಬೇರೆಲ್ಲೂ ತಿಕ್ಕಬೇಡಿ. ಸವೆತ ಎಲ್ಲೆಡೆ ಒಂದೇ ಸಮ ಇದ್ದರೆ ಅದೇ ಸುಳ್ಳು ಹೇಳುತ್ತದೆ. ಒಬ್ಬ ನಟನಿಗೆ ಎರಡು ಅಂಗಿ ಬೇಕೆಂದರೆ ಎರಡನ್ನೂ ಒಂದೇ ಪಾತ್ರೆಯಲ್ಲಿ ಒಟ್ಟಿಗೆ ನೆನೆಸಿ, ಎರಡನೇ ಕುದಿತಕ್ಕೆ ಅದೇ ಬಣ್ಣ ಬರುವುದಿಲ್ಲ.