ತಣ್ಣೀರಿನ ಪೈಪಿಗೆ ಹೊದಿಕೆ ಎಲ್ಲಿಯವರೆಗೆ?

ಪ್ರಶ್ನೆ: ವಿಜಯಪುರದಲ್ಲಿ ಎರಡಂತಸ್ತಿನ ಮನೆ ಕಟ್ಟಿಸುತ್ತಿದ್ದೇವೆ. ಕೋಣೆಗೊಂದು ಎಸಿ ಕೂಡಿಸುವ ಬದಲು ಮಾಳಿಗೆಯ ಮೇಲೆ ಒಂದೇ ಹೀಟ್ ಪಂಪ್ (ಶಾಖವನ್ನು ಸಾಗಿಸಿ ನೀರನ್ನು ತಣಿಸುವ ಇಲ್ಲವೇ ಕಾಯಿಸುವ ಯಂತ್ರ) ಇಟ್ಟು, ಅದು ತಣಿಸಿದ ನೀರನ್ನು ಮೂರು ಕೋಣೆಗಳ ಫ್ಯಾನ್ ಕಾಯಿಲ್‌ಗಳಿಗೆ (ತಣ್ಣೀರಿನ ಸುರುಳಿಯ ಮೂಲಕ ಫ್ಯಾನ್ ಗಾಳಿ ಬೀಸಿ ಕೋಣೆ ತಂಪಾಗಿಸುವ ಪೆಟ್ಟಿಗೆಗಳಿಗೆ) ಹರಿಸಬೇಕೆಂದಿದ್ದೇವೆ. ಒಂದು ಕಾಯಿಲ್‌ನಿಂದ ಹೊರಬಂದ ಪೈಪನ್ನೇ ಮುಂದಿನದಕ್ಕೆ ಜೋಡಿಸಿದರೆ ಸಾಕು, ಇನ್ಸುಲೇಶನ್ ಹೊದಿಕೆ ತಣ್ಣೀರು ಹೋಗುವ ಪೈಪಿಗಷ್ಟೇ ಬೇಕು ಎಂದು ಪ್ಲಂಬರ್ ಹೇಳುತ್ತಾರೆ. ಇದು ಸರಿಯೇ?

ಉತ್ತರ: ಎರಡೂ ಸರಿಯಲ್ಲ, ಎರಡನೆಯದಂತೂ ಮನೆಯ ಗೋಡೆಗಳನ್ನೇ ಕೆಡಿಸುತ್ತದೆ. ಇಂಥ ವ್ಯವಸ್ಥೆಯಲ್ಲಿ ನೀರು ಸಾಮಾನ್ಯವಾಗಿ 7 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊರಟು ಸುಮಾರು 12 ಡಿಗ್ರಿಯಲ್ಲಿ ಮರಳುತ್ತದೆ. ಗಾಳಿ 30 ಡಿಗ್ರಿಯಷ್ಟು ಬಿಸಿಯಾಗಿದ್ದು ಅದರ ಸಾಪೇಕ್ಷ ಆರ್ದ್ರತೆ ಶೇ 60 ಇದ್ದಾಗ, 21 ಡಿಗ್ರಿಗಿಂತ ತಣ್ಣಗಿರುವ ಯಾವುದೇ ವಸ್ತುವಿನ ಮೇಲೆ ಹನಿ ಕಟ್ಟುತ್ತದೆ. ಆದ್ದರಿಂದ ಮರಳುವ ಪೈಪೂ ಹೋಗುವ ಪೈಪಿನಂತೆಯೇ ಬೆವರುತ್ತದೆ. ಏಪ್ರಿಲ್‌ನ ಒಣಗಾಳಿಯಲ್ಲಿ ಈ ತೊಂದರೆ ಅಷ್ಟಾಗಿ ಕಾಣದೆ, ಮಳೆಗಾಲ ಹಿಡಿದ ಮೇಲೆ ಸೀಲಿಂಗಿನಲ್ಲಿ ಕಲೆಯಾಗಿ ಹೊರಬೀಳುತ್ತದೆ. ಎರಡೂ ಪೈಪುಗಳಿಗೆ, ವಾಲ್ವ್ ಮತ್ತು ಜೋಡಣೆಗಳೂ ಸೇರಿದಂತೆ, ಗಾಳಿಯ ತೇವ ಒಳಹೋಗದ ನೈಟ್ರೈಲ್ ರಬ್ಬರ್ ಹೊದಿಕೆಯನ್ನು ಸುತ್ತಿ, ಪ್ರತಿಯೊಂದು ಸೀಳನ್ನೂ ಅಂಟಿನಿಂದ ಮುಚ್ಚಿಸಬೇಕು. ಬಿಸಿಲಿಗೆ ಬೀಳುವ ಭಾಗಕ್ಕೆ ಅದರ ಮೇಲೆ ಅಲ್ಯೂಮಿನಿಯಂ ತಗಡಿನ ಕವಚ ಹಾಕಿಸಿ.

ಸಾಲಾಗಿ ಜೋಡಿಸಿದರೆ ಮೊದಲ ಕೋಣೆ ತಂಪನ್ನು ಹೀರಿಕೊಂಡು, ಕೊನೆಯದಕ್ಕೆ ಬೆಚ್ಚಗಿನ ನೀರು ಸಿಗುತ್ತದೆ. ಪ್ರತಿ ಕಾಯಿಲ್‌ಗೂ ಮುಖ್ಯ ಪೈಪಿನಿಂದ ಪ್ರತ್ಯೇಕ ಕವಲು ಕೊಟ್ಟು, ಹರಿವು ಹೊಂದಿಸುವ ವಾಲ್ವ್ ಇಡಿಸಿ. 5 ಡಿಗ್ರಿ ವ್ಯತ್ಯಾಸದಲ್ಲಿ ತಂಪು ಮಾಡುವ ಸಾಮರ್ಥ್ಯದ ಒಂದು ಟನ್‌ಗೆ ನಿಮಿಷಕ್ಕೆ ಸುಮಾರು 10 ಲೀಟರ್ ನೀರು ಬೇಕಾಗುವುದರಿಂದ, ಮೂರು ಟನ್ನಿನ ಮುಖ್ಯ ಪೈಪಿನ ಒಳವ್ಯಾಸ 25 ಮಿಲಿಮೀಟರ್ ಇದ್ದರೆ ಸಾಕಾಗುತ್ತದೆ. ಒಂದೇ ಕೋಣೆ ನಡೆಯುವಾಗ ಕಂಪ್ರೆಸರ್ ಪದೇಪದೇ ನಿಂತು ಹೊರಡದಂತೆ ತಣ್ಣೀರು ಕೂಡಿಟ್ಟುಕೊಳ್ಳುವ ಸಣ್ಣ ಬಫರ್ ಟ್ಯಾಂಕ್ ಇರಲಿ.

ಪರದೇಶದ ಕೈಪಿಡಿಗಳು ನೀರಿಗೆ, ಅದು ಹೆಪ್ಪುಗಟ್ಟದಂತೆ ತಡೆಯುವ ಗ್ಲೈಕಾಲ್ ದ್ರವ ಬೆರೆಸಲು ಹೇಳುತ್ತವೆ. ಹೊರಗೆ ನೀರು ಹೆಪ್ಪುಗಟ್ಟದ ನಮ್ಮ ಊರಿನಲ್ಲಿ ಅದು ಅನಗತ್ಯ. ಆದರೆ ಹರಿವು ನಿಂತರೆ ಯಂತ್ರದೊಳಗೇ ನೀರು ಮಂಜುಗಟ್ಟಬಹುದಾದ್ದರಿಂದ ಹರಿವು ನಿಂತೊಡನೆ ಯಂತ್ರವನ್ನು ನಿಲ್ಲಿಸುವ ಫ್ಲೋ ಸ್ವಿಚ್ ಬಿಡಬೇಡಿ. ಬೋರ್‌ವೆಲ್‌ನ ಗಡಸು ನೀರನ್ನು ತುಂಬಿಸದೆ, ಮೃದುಗೊಳಿಸಿದ ನೀರನ್ನು ಬಳಸಿ.

ಕೊಳ್ಳುವ ಮುನ್ನ ಇನ್ನೊಂದು ವಿಷಯ: ಸ್ನಾನದ ನೀರು ಕಾಯಿಸಲೆಂದೇ ಮಾರುವ ಹೀಟ್ ಪಂಪ್ ಈ ಕೆಲಸಕ್ಕೆ ಬರುವುದಿಲ್ಲ, ತಣ್ಣೀರು ಕೊಡಲೆಂದೇ ರೂಪಿಸಿದ್ದು ಬೇಕು. ಕೋಣೆಗಳು ಮೂರೇ ಆಗಿದ್ದು ಬಿಸಿನೀರಿನ ಅಗತ್ಯವೂ ಇಲ್ಲವಾದರೆ, ಬಿಡಿ ಎಸಿಗಳೇ ಅಗ್ಗವೆಂಬುದು ನನ್ನ ಅಭಿಪ್ರಾಯ.

ಕಾಯಿಲ್‌ನಲ್ಲಿ ಹನಿಯುವ ನೀರಿನ ಡ್ರೇನ್ ಪೈಪಿಗೆ ಮೀಟರಿಗೆ 1 ಸೆಂಟಿಮೀಟರಿನಷ್ಟಾದರೂ ಇಳಿಜಾರು ಬೇಕು. ಸೀಲಿಂಗ್ ಮುಚ್ಚುವ ಮೊದಲೇ ಈ ಹನಿ ಹಿಡಿಯುವ ತಟ್ಟೆಗೆ ಒಂದು ತಂಬಿಗೆ ನೀರು ಸುರಿದು, ಅದು ತಾನಾಗಿ ಹರಿದು ಹೋಗುವುದನ್ನು ನಿಮ್ಮ ಕಣ್ಣೆದುರೇ ಪರೀಕ್ಷಿಸಿಕೊಳ್ಳಿ.