ಬೆಳಿಗ್ಗೆ ಮೊದಲ ಸ್ಟಾರ್ಟ್‌ಗೆ ಸತಾಯಿಸುವ ಹಳೇ ಎಸ್ಟೀಮ್: ಫ್ಯೂಯಲ್ ಪಂಪ್ ಬದಲಿಸುವ ಮುಂಚೆ ಏನು ನೋಡಬೇಕು?

ನಿಮ್ಮ ಪ್ರಶ್ನೆ ಇಷ್ಟು: ಗಾಡಿ 2002ರ ಎಂಪಿಎಫ್‌ಐ (ಅಂದರೆ ಪ್ರತಿ ಸಿಲಿಂಡರಿಗೂ ಒಂದು ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ) ಮಾರುತಿ ಎಸ್ಟೀಮ್ ಕಾರು, ಇರುವುದು ಮಡಿಕೇರಿಯಲ್ಲಿ. ರಾತ್ರಿಯಿಡೀ ನಿಂತ ಮೇಲೆ ಬೆಳಿಗ್ಗೆ ತುಂಬಾ ಹೊತ್ತು ಸೆಲ್ಫ್ ಹೊಡೆದರೆ ಮಾತ್ರ ಸ್ಟಾರ್ಟ್ ಆಗುತ್ತದೆ. ಆಮೇಲೆ ದಿನವಿಡೀ ತೊಂದರೆ ಇಲ್ಲ. ಪ್ಲಗ್, ಬ್ಯಾಟರಿ ಎರಡೂ ಹೊಸವು. ಈಗ ಗ್ಯಾರೇಜಿನವರು ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಫ್ಯೂಯಲ್ ಪಂಪ್ ಬದಲಿಸೋಣ ಅನ್ನುತ್ತಿದ್ದಾರೆ. ಬದಲಿಸಬೇಕಾ?

ಈಗಲೇ ಬೇಡ. ಪಂಪ್ ಕೆಟ್ಟಿರಲೂಬಹುದು, ಆದರೆ ಪೆಟ್ರೋಲ್ ಲೈನಿನ ಪ್ರೆಶರ್ ಅಳೆಯದೆ ಹಾಗೆ ಹೇಳುವುದು ಬರೀ ಊಹೆ. ಇದೇ ಲಕ್ಷಣಕ್ಕೆ ಕನಿಷ್ಠ ನಾಲ್ಕು ಬೇರೆ ಬೇರೆ ಕಾರಣಗಳಿವೆ. ಅದರಲ್ಲಿ ಕೆಲವಕ್ಕೆ ಪಂಪಿನ ಸಂಬಂಧವೇ ಇಲ್ಲ.

ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ. ನಾಳೆ ಬೆಳಿಗ್ಗೆ ಸೆಲ್ಫ್ ಹೊಡೆಯಬೇಡಿ. ಕೀ ಆನ್ ಮಾಡಿ, ಹಿಂದಿನ ಸೀಟಿನ ಕಡೆಯಿಂದ ಪಂಪಿನ ಸಣ್ಣ ಗುಂಯ್ ಸದ್ದು ಎರಡು ಮೂರು ಸೆಕೆಂಡ್ ಕೇಳಿಸಿ ನಿಲ್ಲುತ್ತದೆ. ಕೀ ಆಫ್ ಮಾಡಿ ಸ್ವಲ್ಪ ತಡೆದು ಮತ್ತೆ ಆನ್ ಮಾಡಿ. ಹೀಗೆ ಮೂರ್ನಾಲ್ಕು ಸಲ ಮಾಡಿ, ಆಮೇಲೆ ಸೆಲ್ಫ್ ಹೊಡೆಯಿರಿ. ತಕ್ಷಣ ಸ್ಟಾರ್ಟ್ ಆಯಿತು ಅಂದರೆ ತೊಂದರೆ ಪ್ರೆಶರಿನದೇ ಅನ್ನುವುದು ಹೆಚ್ಚುಕಡಿಮೆ ಖಚಿತ. ಏನೂ ವ್ಯತ್ಯಾಸ ಆಗದಿದ್ದರೆ ಬೇರೆ ಕಡೆ ಹುಡುಕಬೇಕು, ಅದನ್ನು ಮುಂದೆ ಹೇಳುತ್ತೇನೆ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಪೈಪಿನ (ಫ್ಯೂಯಲ್ ರೈಲ್) ಮೇಲೆ ಪ್ರೆಶರನ್ನು ಹದದಲ್ಲಿಡುವ ರೆಗ್ಯುಲೇಟರ್ ಕೂತಿರುತ್ತದೆ. ಅದರಿಂದ ಒಂದು ತೆಳ್ಳಗಿನ ವ್ಯಾಕ್ಯೂಮ್ ಹೋಸ್ ಎಂಜಿನ್ನಿಗೆ ಗಾಳಿ ಹೋಗುವ ಇಂಟೇಕ್ ಮ್ಯಾನಿಫೋಲ್ಡಿಗೆ ಹೋಗುತ್ತದೆ. ಅದನ್ನು ಕಿತ್ತು ಒಳಗೆ ನೋಡಿ, ಮೂಸಿ. ಒಳಗೆ ಪೆಟ್ರೋಲ್ ಪಸೆ ಇದ್ದರೆ ರೆಗ್ಯುಲೇಟರಿನ ಒಳಗಿನ ಪೊರೆ (ಡಯಾಫ್ರಮ್) ಹರಿದಿದೆ. ಬೇರೆ ಪರೀಕ್ಷೆ ಮಾಡುವ ಮುಂಚೆ ಅದನ್ನು ಬದಲಿಸಿ.

ಇಲ್ಲಿಂದ ಮುಂದೆ ಗೇಜ್ ಬೇಕು. ಟಿ ಜೋಡಣೆ ಇರುವ ಪೆಟ್ರೋಲ್ ಪ್ರೆಶರ್ ಗೇಜ್ ಕಿಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಹೊಸ ಪಂಪಿಗಿಂತ ಬಹಳ ಅಗ್ಗ. ಹೋಸ್ ಬಿಚ್ಚುವ ಮುಂಚೆ ಲೈನಿನ ಪ್ರೆಶರ್ ಇಳಿಸಲೇಬೇಕು. ಪಂಪಿನ ಫ್ಯೂಸ್ ಅಥವಾ ರಿಲೇ ತೆಗೆದು ಎಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಯಲಲ್ಲಿ ಕೆಲಸ ಮಾಡಿ. ಕಣ್ಣಿಗೆ ಕನ್ನಡಕ ಇರಲಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಈ ಮಾತನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಪ್ರೆಶರಿನಲ್ಲಿ ಚಿಮ್ಮಿದ ಪೆಟ್ರೋಲಿಗೆ ಒಂದು ಕಿಡಿ ಸಾಕು.

ಟ್ಯಾಂಕಿನಿಂದ ಫ್ಯೂಯಲ್ ರೈಲಿಗೆ ಬರುವ ಹೋಸಿನಲ್ಲಿ ಗೇಜ್ ಕೂರಿಸಿ, ಬ್ಯಾಟರಿ ಮತ್ತು ರಿಲೇ ಮತ್ತೆ ಹಾಕಿ. ಜೋಡಣೆ ಎಲ್ಲೂ ಸೋರುತ್ತಿಲ್ಲ ಅಂತ ನೋಡಿಕೊಳ್ಳಿ. ಎಸ್ಟೀಮ್ ಕಾಲದ, ರಿಟರ್ನ್ ಲೈನ್ (ಮಿಕ್ಕ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಒಯ್ಯುವ ಪೈಪು) ಇರುವ ಗಾಡಿಗಳಲ್ಲಿ ಕೀ ಆನ್ ಮಾಡಿದಾಗ ಪ್ರೆಶರ್ ಸುಮಾರು 2.5ರಿಂದ 3 ಬಾರ್ ಬರಬೇಕು. ನಿಮ್ಮ ಗಾಡಿಯ ನಿಖರ ಅಂಕಿ ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಎಂಜಿನ್ ಐಡಲ್‌ನಲ್ಲಿ ಓಡುವಾಗ ಅದು ಸ್ವಲ್ಪ ಇಳಿಯುತ್ತದೆ. ಆಗ ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಕಿತ್ತರೆ ಸುಮಾರು ಅರ್ಧ ಬಾರ್ ಏರಬೇಕು. ಏರದಿದ್ದರೆ ರೆಗ್ಯುಲೇಟರ್ ಮೇಲೆ ಅನುಮಾನ.

ಬಹಳ ಜನ ಎಡವುವುದು ಮುಂದಿನ ಹಂತದಲ್ಲಿ. ಬೆಳಿಗ್ಗೆ ಗೇಜ್ ಸೊನ್ನೆ ತೋರಿಸಿದ ಕೂಡಲೇ ಕಾರಣ ಸಿಕ್ಕಿತು ಅಂದುಕೊಳ್ಳುತ್ತಾರೆ. ಹಳೇ ಗಾಡಿಯಲ್ಲಿ ರಾತ್ರಿಯಿಡೀ ಪ್ರೆಶರ್ ನಿಲ್ಲದಿರುವುದು ಸಾಮಾನ್ಯ. ಚೆನ್ನಾಗಿರುವ ಪಂಪ್ ಕೀ ಆನ್ ಮಾಡಿದ ಎರಡು ಸೆಕೆಂಡಿನಲ್ಲಿ ಅದನ್ನು ಮತ್ತೆ ತುಂಬಿಸಿಬಿಡುತ್ತದೆ. ಹಾಗಾಗಿ ಮುಖ್ಯವಾಗಿ ಕೇಳಬೇಕಾದ್ದು, ಮೊದಲ ಸಲ ಕೀ ಆನ್ ಮಾಡಿದಾಗ ಮುಳ್ಳು ಎಲ್ಲಿಗೆ ಬಂತು ಅಂತ. ಒಂದೇ ಸಲಕ್ಕೆ 2.5 ದಾಟಿಯೂ ಗಾಡಿ ಸತಾಯಿಸಿದರೆ ಪಂಪಿನ ತಪ್ಪಿಲ್ಲ. ಒಂದು, ಒಂದೂವರೆಗೆ ನಿಂತು, ಮೂರ್ನಾಲ್ಕು ಸಲ ಮಾಡಿದ ಮೇಲೆ ಪೂರ್ತಿ ಏರಿದರೆ ಪಂಪ್ ಸೋತಿರಬಹುದು, ಫಿಲ್ಟರ್ ಕಟ್ಟಿರಬಹುದು, ಇಲ್ಲವೇ ಪಂಪಿಗೆ ಸರಿಯಾದ ಕರೆಂಟ್ ಹೋಗುತ್ತಿಲ್ಲ. ಎಂಜಿನ್ ಓಡುವಾಗ ಪಂಪಿನ ಕನೆಕ್ಟರಿನಲ್ಲಿ ವೋಲ್ಟೇಜ್ ಅಳೆಯಿರಿ. ಬ್ಯಾಟರಿಗಿಂತ 1 ವೋಲ್ಟಿಗೂ ಜಾಸ್ತಿ ಕಡಿಮೆ ಇದ್ದರೆ ವೈರಿಂಗ್, ರಿಲೇ, ಅರ್ತ್ ನೋಡಿ. ಮಲೆನಾಡು, ಕೊಡಗಿನ ಮಳೆಯಲ್ಲಿ ತುಕ್ಕು ಹಿಡಿದ ಅರ್ತ್ ಹೊಸ ಪಂಪನ್ನೂ ಸೋಲಿಸುತ್ತದೆ.

ಪ್ರೆಶರ್ ಏರಿ, ಕೀ ಆಫ್ ಮಾಡಿದ ಒಂದೆರಡು ನಿಮಿಷದಲ್ಲೇ ಸರಸರ ಇಳಿದರೆ ಎಲ್ಲಿ ಸೋರುತ್ತಿದೆ ಅಂತ ಕಂಡುಹಿಡಿಯಬೇಕು. ಇದಕ್ಕೆ ಇಬ್ಬರು ಬೇಕು. ಒಬ್ಬರು ಕೀ ಆನ್ ಮಾಡಲಿ. ಪಂಪ್ ನಿಂತ ತಕ್ಷಣ ಇನ್ನೊಬ್ಬರು ರಿಟರ್ನ್ ಹೋಸನ್ನು ಮೆತ್ತನೆ ಬಾಯಿಯ ಕ್ಲ್ಯಾಂಪಿನಿಂದ ಒತ್ತಿ ಹಿಡಿಯಲಿ. ಪ್ರೆಶರ್ ನಿಂತರೆ ಸೋರುತ್ತಿರುವುದು ರೆಗ್ಯುಲೇಟರ್. ನಿಲ್ಲದಿದ್ದರೆ ಮತ್ತೆ ಪ್ರೆಶರ್ ಏರಿಸಿ, ಈ ಸಲ ಟ್ಯಾಂಕಿನಿಂದ ಬರುವ ಹೋಸನ್ನು ಟ್ಯಾಂಕಿಗೂ ಗೇಜಿಗೂ ನಡುವೆ ಒತ್ತಿ. ಈಗ ನಿಂತರೆ ಸೋರುತ್ತಿರುವುದು ಪಂಪಿನೊಳಗಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವುದು) ಅಥವಾ ಟ್ಯಾಂಕಿನೊಳಗಿನ ಹೋಸ್. ಎರಡರಲ್ಲೂ ಇಳಿದರೆ ಇಂಜೆಕ್ಟರ್. ಪಂಪ್ ಓಡುತ್ತಿರುವಾಗ ಮಾತ್ರ ರಿಟರ್ನ್ ಮುಚ್ಚಬೇಡಿ, ಪ್ರೆಶರ್ ಮಿತಿ ಮೀರಿ ಏರುತ್ತದೆ. ರಬ್ಬರ್ ಹೋಸನ್ನು ಮಾತ್ರ ಒತ್ತಬೇಕು, ನೈಲಾನ್ ಪೈಪನ್ನು ಅಲ್ಲ. ಹೋಸ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಮೊದಲು ಅದನ್ನೇ ಬದಲಿಸಿ.

ಇಂಜೆಕ್ಟರ್ ಸೋರುತ್ತಿದ್ದರೆ ಬೇರೆ ಗುರುತುಗಳೂ ಇರುತ್ತವೆ. ಸ್ಟಾರ್ಟ್ ಆದಾಗ ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ನಾಲ್ಕರಲ್ಲಿ ಒಂದು ಪ್ಲಗ್ ಮಾತ್ರ ಮಸಿ ಹಿಡಿದಿರುವುದು. ಟೀ ಕುಡಿಯಲು ಇಪ್ಪತ್ತು ನಿಮಿಷ ನಿಲ್ಲಿಸಿ ಬಂದಾಗಲೂ ಸ್ವಲ್ಪ ಸತಾಯಿಸುತ್ತದಾ, ಗಮನಿಸಿ. ಬಿಸಿ ಎಂಜಿನ್ನಿನ ಮೇಲೆ ಪ್ರೆಶರ್ ಇಲ್ಲದ ಪೆಟ್ರೋಲ್ ಆವಿಯಾಗುತ್ತದೆ, ಹಾಗಾಗಿ ಬೇಗ ಪ್ರೆಶರ್ ಬಿಡುವ ಗಾಡಿ ಆಗಲೂ ತಕರಾರು ಮಾಡುತ್ತದೆ.

ಪ್ರೆಶರ್ ಎಲ್ಲಾ ಸರಿ ಇದ್ದರೆ ಎಂಜಿನ್ ತಂಪು ಮಾಡುವ ನೀರಿನ ಬಿಸಿ ಅಳೆಯುವ ಕೂಲೆಂಟ್ ಟೆಂಪರೇಚರ್ ಸೆನ್ಸರ್ ನೋಡಿ. ಎಂಜಿನ್ ತಣ್ಣಗಿದೆ ಅಂತ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರಿಗೆ) ಗೊತ್ತಾದರೆ ತಾನೇ ಅದು ಜಾಸ್ತಿ ಪೆಟ್ರೋಲ್ ಬಿಡುವುದು? ಸೆನ್ಸರಿನ ರೆಸಿಸ್ಟೆನ್ಸ್ 20 ಡಿಗ್ರಿಯಲ್ಲಿ ಸುಮಾರು 2ರಿಂದ 3 ಕಿಲೋ ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ಬರಬೇಕು. ಮಲ್ಟಿಮೀಟರಿನಲ್ಲಿ ಐದು ನಿಮಿಷದ ಕೆಲಸ.

ಕೊನೆಗೆ ಇ20, ಅಂದರೆ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲಿನ ವಿಷಯ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಅದಕ್ಕೆ ಚಾಲನೆ ಸಿಕ್ಕಿತು, ಈಗ ಬಂಕ್‌ಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ. ಎಥೆನಾಲ್ ಆವಿಯಾಗಲು ಪೆಟ್ರೋಲಿಗಿಂತ ಜಾಸ್ತಿ ಶಾಖ ಬೇಕು, ಹಾಗಾಗಿ ಚಳಿಯಲ್ಲಿ ಮೊದಲ ಸ್ಟಾರ್ಟ್ ಸ್ವಲ್ಪ ಕಷ್ಟವೇ. ಅದಕ್ಕಿಂತ ನನಗೆ ಚಿಂತೆ ಇರುವುದು ಹಳೇ ರಬ್ಬರಿನ ಬಗ್ಗೆ. 2002ರ ಗಾಡಿಯ ಹೋಸ್‌ಗಳನ್ನು ಇದನ್ನು ಯೋಚಿಸಿ ಮಾಡಿಲ್ಲ. ಹಾಗಾಗಿ ಪರೀಕ್ಷೆ ಮಾಡಿ ಕೊನೆಗೆ ಪಂಪನ್ನೇ ಹೊರತೆಗೆಯುವ ಹಾಗಾದರೆ ಅದಕ್ಕೆ ಸೇರಿದ ಸಣ್ಣ ಹೋಸನ್ನು ಬಗ್ಗಿಸಿ ನೋಡಿ, ಬಿರುಕು ಕಾಣಿಸಬಹುದು. ಹಾಗಿದ್ದರೆ ಪಂಪ್ ಚೆನ್ನಾಗಿದ್ದರೂ ಪ್ರೆಶರ್ ಟ್ಯಾಂಕಿನೊಳಗೇ ಸೋರಿಹೋಗುತ್ತದೆ. ಅಲ್ಲಿಗೆ ಹೊರಗಡೆ ಹಾಕುವ ಮಾಮೂಲಿ ಫ್ಯೂಯಲ್ ಹೋಸ್ ನಡೆಯುವುದಿಲ್ಲ, ಪೆಟ್ರೋಲಿನಲ್ಲಿ ಮುಳುಗಿದ್ದು ಹೊರಮೈ ಉಬ್ಬಿ ಹಾಳಾಗುತ್ತದೆ. ಎಸ್‌ಎಇ 30ಆರ್10 ಅಂತ ಗುರುತಿರುವ ಹೋಸನ್ನೇ ಕೇಳಿ ತನ್ನಿ.